ಒಂದೇ ದಿನ ಸಿಕ್ಕರೆ ನಮೀಬ್ ಮರುಭೂಮಿಯಲ್ಲಿ ಏನು ನೋಡಲಿ?

ಪ್ರಶ್ನೆ: ಅಮ್ಮನ ಜೊತೆ ಕ್ರೂಸ್ ಹೊರಟಿದ್ದೇನೆ. ನಮೀಬಿಯಾದ ವಾಲ್ವಿಸ್ ಬೇ ಬಂದರಿನಲ್ಲಿ ಹಡಗು ಬೆಳಗ್ಗೆ ಎಂಟರಿಂದ ಸಂಜೆ ಆರರವರೆಗೆ ನಿಲ್ಲುತ್ತದೆ. ಸೊಸುಸ್‌ಫ್ಲೇಯ ಕೆಂಪು ದಿಬ್ಬಗಳನ್ನು ನೋಡಿ ಬರಬಹುದೇ? ಅಮ್ಮನಿಗೆ ಮಂಡಿನೋವು. ಬರೀ ಮರಳು ತಾನೆ, ನಾನು ಹಡಗಲ್ಲೇ ಇರುತ್ತೇನೆ ಅನ್ನುತ್ತಿದ್ದಾರೆ.

ಉತ್ತರ: ಸೊಸುಸ್‌ಫ್ಲೇ ಆಸೆ ಈ ಸಲ ಬಿಟ್ಟುಬಿಡಿ. ಅಲ್ಲಿಗೆ 300 ಕಿ.ಮೀ.ಗಿಂತ ಜಾಸ್ತಿ, ಬಹುಪಾಲು ಜಲ್ಲಿ ರಸ್ತೆ. ನೀವು ತಿರುಗಿ ಬರುವಷ್ಟರಲ್ಲಿ ಹಡಗು ಹೊರಟಿರುತ್ತದೆ.

ಆದರೆ ಅಮ್ಮನನ್ನು ಖಂಡಿತ ಇಳಿಸಿಕೊಂಡು ಹೋಗಿ. ನಾನು ಅಲ್ಲಿ ಇಳಿದ ಬೆಳಗ್ಗೆ ಎದುರಿನ ಕ್ರೇನ್ ಕೂಡ ಕಾಣದಷ್ಟು ಮಂಜು. ಮರಳುಗಾಡು ನೋಡಲು ಸ್ವೆಟರ್ ಹಾಕಿಕೊಂಡೇ ಹೊರಟೆ. ಆ ಮಂಜೇ ಅಲ್ಲಿಯ ಜೀವ. ತೀರದ ಉದ್ದಕ್ಕೂ ಬೆಂಗ್ವೆಲಾ ಎಂಬ ತಣ್ಣನೆಯ ಪ್ರವಾಹ ಹರಿಯುತ್ತದೆ. ಅದರ ಮೇಲಿನ ಗಾಳಿ ತಣ್ಣಗಾಗಿ ಮಂಜಾಗುತ್ತದೆ, ಮಳೆ ಮಾತ್ರ ಆಗುವುದಿಲ್ಲ. ಇಡೀ ವರ್ಷಕ್ಕೆ 25 ಮಿ.ಮೀ. ಕೂಡ ಸುರಿಯುವುದಿಲ್ಲ. ಅಲ್ಲಿಯ ಒಂದು ಕಪ್ಪು ಜೀರುಂಡೆ ದಿಬ್ಬದ ನೆತ್ತಿ ಹತ್ತಿ, ತಲೆ ತಗ್ಗಿಸಿ, ಹಿಂಭಾಗ ಎತ್ತಿ ಮಂಜಿಗೆ ಎದುರು ನಿಲ್ಲುತ್ತದೆ. ಬೆನ್ನ ಮೇಲೆ ಕೂತ ಮಂಜು ಹನಿಗಟ್ಟಿ ಬಾಯಿಗೆ ಇಳಿಯುತ್ತದೆ!

ಮೊದಲು ಪಕ್ಕದ ಊರು ಸ್ವಾಕೊಪ್ಮುಂಡ್ ದಾಟಿ, ವೆಲ್ವಿಚಿಯಾ ಎಂಬ ಗಿಡಗಳ ಬಯಲಿಗೆ ಹೋಗಿ. ಪರ್ಮಿಟ್ ಬೇಕು, ಗಾಡಿ ಗೊತ್ತುಮಾಡುವಾಗಲೇ ಕೇಳಿಕೊಳ್ಳಿ. ರಸ್ತೆ ಪಕ್ಕದಲ್ಲೇ ಗಿಡಗಳಿವೆ, ಅಮ್ಮ ಜಾಸ್ತಿ ನಡೆಯಬೇಕಿಲ್ಲ. ನೋಡಿದರೆ ಒಣಗಿದ ಸೊಪ್ಪಿನ ರಾಶಿ ಅನ್ನಿಸುತ್ತದೆ. ಎಲೆ ಇರುವುದು ಎರಡೇ. ಗಾಳಿಗೆ ಸೀಳಿ ಹತ್ತಾರು ಎಲೆಗಳಂತೆ ಕಾಣುತ್ತವೆ. ಕೆಲವು ಗಿಡಗಳಿಗೆ ಸಾವಿರ ವರ್ಷ ದಾಟಿದೆ, ಆದರೂ ಹುಟ್ಟಿದಾಗಿನ ಅದೇ ಎರಡು ಎಲೆ ಬುಡದಿಂದ ಬೆಳೆಯುತ್ತಲೇ ಇವೆ. ನನಗೆ ಅಲ್ಲಿಂದ ಕಾಲೇ ಕೀಳಲಿಲ್ಲ.

ಒಂದು ಮಾತು ಕೈಮುಗಿದು ಕೇಳುತ್ತೇನೆ. ಗಾಡಿ ರಸ್ತೆ ಬಿಟ್ಟು ಇಳಿಯದಂತೆ ಡ್ರೈವರ್‌ಗೆ ಹೇಳಿ. ಖಾಲಿ ನೆಲ ಅನ್ನಿಸುವ ಕಡೆ ಕಲ್ಲುಹೂವು ಬೆಳೆದಿರುತ್ತದೆ. ಒಮ್ಮೆ ಚಕ್ರ ಹರಿದರೆ ಆ ಗುರುತು ದಶಕಗಳ ಕಾಲ ಅಳಿಯುವುದಿಲ್ಲ.

ಸಮಯ ಉಳಿದರೆ ವಾಪಸ್ ಬರುತ್ತಾ ಡ್ಯೂನ್ 7 ದಿಬ್ಬ ಹತ್ತಿ. ಕೆಳಗೆ ಖರ್ಜೂರದಂಥ ಮರಗಳ ನೆರಳಿದೆ, ಅಮ್ಮ ಕೂತಿರಬಹುದು. ದುಡ್ಡಿನ ಚಿಂತೆ ಬೇಡ. ನಮೀಬಿಯಾ ಡಾಲರ್, ದಕ್ಷಿಣ ಆಫ್ರಿಕಾದ ರ‍್ಯಾಂಡ್ ಎರಡೂ ನಡೆಯುತ್ತವೆ, ಬೆಲೆಯೂ ಒಂದೇ.

ನಾಲ್ಕು ಗಂಟೆಗೆಲ್ಲ ವಾಲ್ವಿಸ್ ಬೇಯ ಲಗೂನ್, ಅಂದರೆ ಸಮುದ್ರದ ಹಿನ್ನೀರಿನ ದಂಡೆಗೆ ಬಂದುಬಿಡಿ. ಬಂದರು ಹತ್ತಿರವೇ ಇದೆ, ಗಾಬರಿಯಿಲ್ಲ. ಮಧ್ಯಾಹ್ನದ ಮೇಲೆ ಗಾಳಿ ಜೋರು, ಅಮ್ಮನಿಗೆ ಶಾಲು ಇರಲಿ. ಸಮತಟ್ಟಾದ ದಾರಿಯಲ್ಲಿ ನಿಧಾನವಾಗಿ ನಡೆದು, ಕೆಸರಲ್ಲಿ ಕೊಕ್ಕು ತಲೆಕೆಳಗೆ ಮಾಡಿ ಮೇಯುವ ಫ್ಲೆಮಿಂಗೊಗಳನ್ನು ಇಬ್ಬರೂ ನೋಡಿ.