ಶನಿಯ ಚಂದ್ರರು ಒಂದೇ ಥರ ಯಾಕಿಲ್ಲ?

ಪ್ರಶ್ನೆ: ಶನಿಗೆ ಇನ್ನೂರಕ್ಕೂ ಜಾಸ್ತಿ ಚಂದ್ರರಿದ್ದಾರೆ ಎಂದು ಓದಿದೆ. ಎಲ್ಲರೂ ಸುತ್ತುವುದು ಒಂದೇ ಗ್ರಹವನ್ನು, ಅಲ್ವಾ? ಆದರೆ ಚಿತ್ರಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಯಾಕೆ?

ಉತ್ತರ: ನೀವು ಓದಿದ್ದು ಸರಿ. 2025ರ ಮಾರ್ಚ್‌ನಲ್ಲಿ ಒಂದೇ ಸಲಕ್ಕೆ 128 ಚಂದ್ರರು ಪಟ್ಟಿಗೆ ಸೇರಿ, ಒಟ್ಟು 274 ಆಯಿತು. ಆ ಹೊಸಬರೆಲ್ಲ ತೀರ ಪುಟ್ಟವರು. ಅವರನ್ನು ಸದ್ಯಕ್ಕೆ ಬಿಡೋಣ. ದೊಡ್ಡವರೇ ಒಬ್ಬರಂತೆ ಒಬ್ಬರಿಲ್ಲ, ನನಗೆ ಆಸೆ ಇರುವುದು ಅವರ ಬಗ್ಗೆ ಹೇಳಲು.

ಒಂದು ಚಂದ್ರನ ಮುಖ ಹೇಗಿರಬೇಕು ಎಂಬುದನ್ನು ಅದರ ನೆರೆಹೊರೆಯೂ ತೀರ್ಮಾನ ಮಾಡುತ್ತದೆ. ಇದಕ್ಕೆ ಶನಿಯ ಚಂದ್ರ ಇಯಾಪೆಟಸ್‌ಗಿಂತ ಒಳ್ಳೆಯ ಸಾಕ್ಷಿ ಇಲ್ಲ. 1671ರಲ್ಲಿ ಖಗೋಳಶಾಸ್ತ್ರಜ್ಞ ಕ್ಯಾಸಿನಿ ಇದನ್ನು ಕಂಡುಹಿಡಿದರು. ಶನಿಯ ಪಶ್ಚಿಮಕ್ಕಿದ್ದಾಗ ಕಾಣುತ್ತಿತ್ತು, ಪೂರ್ವಕ್ಕೆ ಬಂದರೆ ಮಾಯ! ಇದರ ಒಂದು ಮಗ್ಗುಲು ಕಪ್ಪಗಿರಬೇಕು, ಇದು ಸದಾ ಒಂದೇ ಮುಖವನ್ನು ಶನಿಗೆ ತೋರಿಸುತ್ತಿರಬೇಕು ಎಂದು ಅವರು ಊಹಿಸಿದರು. ಆ ಕಾಲದ ದೂರದರ್ಶಕದಲ್ಲಿ ಬರೀ ಒಂದು ಚುಕ್ಕೆ ನೋಡಿ ಹೇಳಿದ ಮಾತು ಅದು! ಎರಡೂ ನಿಜವಾಯಿತು.

ಆ ಕಪ್ಪು ಬಂದದ್ದು ಫೀಬಿಯಿಂದ. ಫೀಬಿ ತುಂಬಾ ದೂರದಲ್ಲಿ, ಇಯಾಪೆಟಸ್‌ಗೆ ಎದುರು ದಿಕ್ಕಿನಲ್ಲಿ ಸುತ್ತುವ ಕಪ್ಪು ಚಂದ್ರ. ಅದರಿಂದ ಎದ್ದ ದೂಳಿನ ಭಾರೀ ಉಂಗುರ 2009ರಲ್ಲಿ ಪತ್ತೆಯಾಯಿತು. ಆ ದೂಳು ಇಯಾಪೆಟಸ್‌ನ ಮುಂದಿನ, ಅಂದರೆ ಅದು ಸಾಗುವ ದಿಕ್ಕಿನ, ಮಗ್ಗುಲಿಗೆ ಬಂದು ಬಡಿಯುತ್ತದೆ. ಕಪ್ಪಾದ ಜಾಗ ಬಿಸಿಲನ್ನು ಜಾಸ್ತಿ ಹೀರುತ್ತದೆ, ಅಲ್ಲಿನ ಹಿಮ ಆವಿಯಾಗಿ ಹೋಗಿ ತಂಪಾದ ಬಿಳಿ ಭಾಗದಲ್ಲಿ ಕೂರುತ್ತದೆ. ಕಪ್ಪು ಇನ್ನಷ್ಟು ಕಪ್ಪಾಗುತ್ತದೆ, ಬಿಳಿ ಇನ್ನಷ್ಟು ಬಿಳಿ.

ಎನ್ಸೆಲಾಡಸ್‌ನದು ಬೇರೆ ಕಥೆ. ಅಡ್ಡಳತೆ ಸುಮಾರು 500 ಕಿಲೋಮೀಟರ್ ಅಷ್ಟೇ. ಇಷ್ಟು ಚಿಕ್ಕದು ಎಂದೋ ತಣ್ಣಗಾಗಿ ಸುಮ್ನೆ ಇರಬೇಕಿತ್ತು. ಆದರೆ ಅದು ಎರಡು ಸುತ್ತು ಹಾಕುವಷ್ಟರಲ್ಲಿ ಡಯೋನಿ ಎಂಬ ಇನ್ನೊಂದು ಚಂದ್ರ ಒಂದು ಸುತ್ತು ಮುಗಿಸುತ್ತದೆ. ಈ ಹೊಂದಾಣಿಕೆಯಿಂದ ಎನ್ಸೆಲಾಡಸ್‌ನ ದಾರಿ ಪೂರ್ತಿ ದುಂಡಗಾಗುವುದೇ ಇಲ್ಲ. ಶನಿಗೆ ಒಮ್ಮೆ ಹತ್ತಿರ, ಒಮ್ಮೆ ದೂರ. ಶನಿಯ ಸೆಳೆತ ಹೆಚ್ಚುತ್ತಾ ತಗ್ಗುತ್ತಾ ಅದನ್ನು ಹಿಂಡುತ್ತಿರುತ್ತದೆ. ತಂತಿಯನ್ನು ಆ ಕಡೆ ಈ ಕಡೆ ಬಗ್ಗಿಸಿದರೆ ಬಿಸಿಯಾಗುತ್ತದಲ್ಲ, ಹಾಗೆ ಇದರ ಒಡಲೂ ಬಿಸಿಯಾಗುತ್ತದೆ. ಹಿಮದ ಕೆಳಗೆ ಉಪ್ಪುನೀರಿನ ಸಾಗರವಿದೆ. ದಕ್ಷಿಣ ಧ್ರುವದ ಬಿರುಕುಗಳಿಂದ ನೀರಾವಿ, ಹಿಮದ ಕಣಗಳು ಚಿಮ್ಮುವುದನ್ನು ಆ ಕ್ಯಾಸಿನಿಯ ಹೆಸರನ್ನೇ ಹೊತ್ತ ಬಾಹ್ಯಾಕಾಶ ನೌಕೆ 2005ರಲ್ಲಿ ಕಂಡಿತು. ಆ ಕಣಗಳಿಂದಲೇ ಶನಿಗೆ ಒಂದು ಉಂಗುರ ಆಗಿದೆ. ಅಕ್ಕಪಕ್ಕದ ಚಂದ್ರರ ಮೇಲೂ ಅವು ಬಿದ್ದು ಹೊಳಪು ತಂದಿವೆ.

ಹಾಗಾದರೆ ಶನಿಗೆ ಇನ್ನೂ ಹತ್ತಿರವಿರುವ ಮಿಮಾಸ್ ಇನ್ನೂ ಚುರುಕಾಗಿರಬೇಕಲ್ವಾ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹೊರಗಿನಿಂದ ನೋಡಿದರೆ ಚುರುಕೇನೂ ಕಾಣದು: ಮೇಲ್ಮೈ ತುಂಬ ಹಳೆಯ ಗುಳಿಗಳು, ಒಂದಂತೂ ಅದರ ಅಗಲದ ಮೂರನೇ ಒಂದು ಭಾಗದಷ್ಟಿದೆ. ಆದರೂ ಅದರ ಕಕ್ಷೆ ಸರಿಯುವ ರೀತಿ ನೋಡಿದರೆ ಒಳಗೆ ಇತ್ತೀಚೆಗಷ್ಟೇ ಕರಗಿದ ನೀರಿರಬೇಕು ಎಂದು 2024ರಲ್ಲಿ ಒಂದು ಅಧ್ಯಯನ ತೋರಿಸಿತು.

ಟೈಟನ್ ದೊಡ್ಡಣ್ಣ. ಬುಧ ಗ್ರಹಕ್ಕಿಂತ ದೊಡ್ಡದು. ನೈಟ್ರೋಜನ್ನಿನ ದಟ್ಟ ಗಾಳಿಯನ್ನು ಹಿಡಿದಿಟ್ಟುಕೊಂಡಿದೆ, ಅಲ್ಲಿ ಮೀಥೇನ್ ಮಳೆ ಸುರಿದು ಕೆರೆಗಳಾಗುತ್ತವೆ. ಸಣ್ಣ ಟೆಲಿಸ್ಕೋಪ್‌ನಲ್ಲೂ ಶನಿಯ ಪಕ್ಕ ಚುಕ್ಕೆಯಾಗಿ ಸಿಗುತ್ತದೆ. ಒಂದು ಸುತ್ತಿಗೆ ಸುಮಾರು 16 ದಿನ. ಎರಡು ವಾರ, ಮೋಡವಿಲ್ಲದ ರಾತ್ರಿಗಳಲ್ಲಿ ಅದಿರುವ ಜಾಗವನ್ನು ಕಾಗದದಲ್ಲಿ ಗುರುತು ಹಾಕುತ್ತಾ ಬನ್ನಿ. ಚಿತ್ರಗಳಲ್ಲಿ ನೋಡುವುದಕ್ಕಿಂತ ಇದು ಎಷ್ಟೋ ಚೆಂದ.