ಲ್ಯಾಬ್ ದಿನ ಮಾತ್ರ ತಲೆನೋವು

(ಹುಡುಗನ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆದಿದ್ದೇನೆ.)

ಪ್ರವೀಣ ಅಂತ ಕರೆಯೋಣ. ಎಲೆಕ್ಟ್ರಿಕಲ್ ಇಂಜಿನಿಯರಿಂಗ್‌ಗೆ 2020ರ ಕೊನೆಯಲ್ಲಿ ಸೇರಿದವನು. ಕೊರೊನಾ ಕಾಲದ ಮೊದಲ ವರ್ಷ ಬಹುಪಾಲು ಕಳೆದದ್ದು ಮಲೆನಾಡಿನ ಮನೆ ಹಿಂದಿನ ಗುಡ್ಡದ ಮೇಲೆ. ನೆಟ್‌ವರ್ಕ್ ಸಿಗುತ್ತಿದ್ದದ್ದು ಅಲ್ಲೇ. ಮಳೆ ಬಂದರೆ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಮೊಬೈಲ್. ನೋಟ್ಸ್ ಬರೆಯೋಕೆ ಮೂರನೇ ಕೈ ಎಲ್ಲಿಂದ ತರೋದು?

ಮೂರನೇ ಸೆಮಿಸ್ಟರ್‌ನಲ್ಲಿ ಹಾಜರಾತಿ ಕಮ್ಮಿ ಅಂತ ಕಾಲೇಜಿನ ಕೌನ್ಸೆಲರ್ ಆದ ನನ್ನ ಹತ್ತಿರ ಕಳಿಸಿದರು. ಥಿಯರಿಗೆ ಬರುತ್ತಾನೆ, ಲ್ಯಾಬ್ ದಿನ ಹಾಸ್ಟೆಲ್‌ನಲ್ಲಿ ಮಲಗಿರುತ್ತಾನೆ. ಮೊದಲು "ತಲೆನೋವು ಮೇಡಂ" ಅಂದ. ಎರಡನೇ ಸಲ ಬಂದಾಗ ವಿಷಯ ಹೊರಬಿತ್ತು. ಮೊದಲ ಲ್ಯಾಬ್‌ನಲ್ಲಿ ಕರೆಂಟ್ ಅಳೆಯಬೇಕಿತ್ತು. ಮೀಟರನ್ನು ಕರೆಂಟ್ ಹರಿಯುವ ದಾರಿಯಲ್ಲೇ, ಅಂದರೆ ಸೀರೀಸ್‌ನಲ್ಲಿ ಸೇರಿಸುವ ಬದಲು ನೇರ ಸಪ್ಲೈನ ಎರಡು ತುದಿಗೆ ಇಟ್ಟುಬಿಟ್ಟ. ಫ್ಯೂಸ್ ಹೋಯಿತು. "ಫಸ್ಟ್ ಇಯರ್‌ನಲ್ಲಿ ಏನಪ್ಪಾ ಮಾಡ್ತಿದ್ದೆ?" ಅಂದರು ಇನ್‌ಸ್ಟ್ರಕ್ಟರ್. ಬೈದದ್ದಲ್ಲ, ಸುಮ್ನೆ ಕೇಳಿದ್ದು. ಇವನು ಫಸ್ಟ್ ಇಯರ್‌ನಲ್ಲಿ ಮಾಡಿದ್ದು ವೀಡಿಯೊ ನೋಡಿ, ವಾಟ್ಸ್ಆಪ್‌ನಲ್ಲಿ ಬಂದ ರೀಡಿಂಗನ್ನು ರೆಕಾರ್ಡ್‌ಗೆ ಇಳಿಸಿದ್ದು. "ನಂದು ಸುಳ್ಳು ಪಾಸ್ ಮೇಡಂ" ಅಂದ.

ಪಾಠ ತಪ್ಪಿದ್ದಕ್ಕಿಂತ ಈ ನಾಚಿಕೆಯೇ ಅವನನ್ನು ಜಾಸ್ತಿ ಕಟ್ಟಿಹಾಕಿತ್ತು. ಹಾಗೆ ಪಾಸಾದವನು ಅವನೊಬ್ಬನೇ ಅಲ್ಲ, ಉಳಿದವರು ಬಾಯಿಬಿಡುತ್ತಿರಲಿಲ್ಲ ಅಷ್ಟೆ. ತಪ್ಪಿಹೋದ ಪಾಠ ತುಂಬಿಕೊಡುವ ಬ್ರಿಡ್ಜ್ ಕೋರ್ಸ್ ಹೆಸರಲ್ಲಿ ಪಿಪಿಟಿ ತೋರಿಸಿ ಕಳಿಸಿದ್ದರು. ಕೈಗೆ ಮೀಟರ್ ಕೊಡದ ಬ್ರಿಡ್ಜ್ ಕೋರ್ಸ್ ಯಾರಿಗೆ ಬೇಕು? ನನಗೆ ಈಗಲೂ ಸಿಟ್ಟಿದೆ.

ನಿದ್ದೆ, ಊಟ, ಸಾಯುವ ಯೋಚನೆ, ಎಲ್ಲವನ್ನೂ ನೇರವಾಗಿ ಕೇಳಿದೆ. ಗಾಬರಿಯಾಗುವಂಥದ್ದು ಇರಲಿಲ್ಲ. ಇದ್ದಿದ್ದರೆ ಓದಿನ ಮಾತು ಪಕ್ಕಕ್ಕಿಟ್ಟು ಮೊದಲು ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ. ಈಗಂತೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

"ಏನೂ ಬರಲ್ಲ ಅನ್ನಬೇಡ. ಈ ಸೆಮಿಸ್ಟರ್‌ಗೆ ಅಡ್ಡ ಬರ್ತಿರೋದು ಯಾವುದು, ಅಷ್ಟೇ ಬರಿ" ಅಂದೆ. ಅವನು ಬರೆದದ್ದು: ಸರ್ಕ್ಯೂಟ್ ಲೆಕ್ಕಕ್ಕೆ ಬೇಕಾದ ಕಿರ್ಚಾಫ್ ನಿಯಮಗಳು, ಕಾಂಪ್ಲೆಕ್ಸ್ ನಂಬರ್, ಮ್ಯಾಟ್ರಿಕ್ಸ್, ಮೀಟರ್ ಬಳಸೋದು. ಇಡೀ ಮೊದಲ ವರ್ಷ ಮತ್ತೆ ಓದಬೇಕು ಅಂದುಕೊಂಡಿದ್ದವನು ಹಾಳೆಯನ್ನೇ ನೋಡುತ್ತ ಕೂತ. ಐಐಟಿಗಳು ಆನ್‌ಲೈನ್‌ನಲ್ಲಿ ಇಟ್ಟಿರುವ ಎನ್‌ಪಿಟಿಇಎಲ್ ಪಾಠ ಮೊದಲಿಂದ ಕೊನೆವರೆಗೆ ನೋಡಬೇಡ, ಸಿಕ್ಕಿಕೊಂಡ ಲೆಕ್ಕಕ್ಕೆ ಬೇಕಾದಷ್ಟು ನೋಡಿ ಪೆನ್ ಹಿಡಿ ಅಂದೆ. ಲ್ಯಾಬ್‌ನ ಹಿಂದಿನ ರಾತ್ರಿ, ಕಂಪ್ಯೂಟರ್ ಪರದೆ ಮೇಲೆ ಪ್ರಯೋಗ ಮಾಡಿಸುವ ವೆಬ್‌ಸೈಟ್ ವರ್ಚುವಲ್ ಲ್ಯಾಬ್ಸ್‌ನಲ್ಲಿ ಅಂಥದ್ದೇ ಪ್ರಯೋಗ ಹುಡುಕಿ ಮಾಡಲು ಹೇಳಿದೆ. ಸುರತ್ಕಲ್ ಎನ್‌ಐಟಿಕೆಯವರೂ ಅದಕ್ಕೆ ಕೈಜೋಡಿಸಿದ್ದಾರೆ, ದುಡ್ಡು ಕೊಡಬೇಕಿಲ್ಲ. ಆದರೆ ಪರದೆ ಮೇಲೆ ವೈರ್ ಸಡಿಲ ಆಗಲ್ಲ, ಅಲ್ವಾ? ಅದಕ್ಕೇ ಅವನನ್ನು ಕೇಳಿಕೊಂಡು ಇನ್‌ಸ್ಟ್ರಕ್ಟರ್ ಜೊತೆ ಮಾತಾಡಿದೆ. ಸಂಜೆ ಲ್ಯಾಬ್ ಖಾಲಿ ಇದ್ದಾಗ ಬ್ಯಾಟರಿ, ಎರಡು ರೆಸಿಸ್ಟರ್, ಮೀಟರ್ ಕೊಟ್ಟು ಕೂರಿಸಿದರು. "ಫ್ಯೂಸ್ ಹೋದ್ರೆ ಹೋಗ್ಲಿ, ಬದಲಿಸೋದನ್ನೂ ಕಲೀತೀಯ" ಅಂದರಂತೆ.

ಅವನ ಎದುರಲ್ಲೇ ಅಪ್ಪನಿಗೆ ಫೋನ್ ಮಾಡಿದೆ. "ಅಡಿಕೆ ಫಸಲು ಚೇಣಿಗೆ (ಗುತ್ತಿಗೆಗೆ) ಕೊಟ್ಟು ಫೀಸ್ ಕಟ್ಟಿದೀನಿ ಮೇಡಂ, ಓದೋಕೇನು ಕಷ್ಟ ಇವನಿಗೆ?" ಅಂದರು. ಸ್ವಲ್ಪ ದಿನ ಮಾರ್ಕ್ಸ್ ಕೇಳಬೇಡಿ, ಇವತ್ತು ಲ್ಯಾಬ್‌ಗೆ ಹೋಗಿದ್ಯಾ ಅಂತ ಮಾತ್ರ ಕೇಳಿ ಅಂದೆ. ಒಪ್ಪಲಿಲ್ಲ, ಆದರೆ ಹಾಗೇ ಕೇಳಿದರು.

ಆ ಸೆಮಿಸ್ಟರ್ ಲ್ಯಾಬ್ ಪಾಸಾಯಿತು, ಮ್ಯಾಥ್ಸ್ ಉಳಿಯಿತು. ಮುಂದಿನ ಪರೀಕ್ಷೆಯಲ್ಲಿ ಅದನ್ನೂ ಬರೆದು ಮುಗಿಸಿದ.