ಪದ ಎಲ್ಲಾ ಗೊತ್ತು, ಜೋಡ್ಸೋದೇ ಕಷ್ಟ!

ಪ್ರಶ್ನೆ: ಮೇಡಂ, ನಮ್ಮೂರು ಶ್ರೀನಿವಾಸಪುರದ ಹತ್ರ, ನರಸಾಪುರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಕಂಪನೀಲಿ ಕ್ವಾಲಿಟಿ ಸೆಕ್ಷನ್‌ನಲ್ಲಿದೀನಿ. ಶಿಫ್ಟ್ ಮುಗಿಯೋವಾಗ ಇಂಗ್ಲಿಷಲ್ಲಿ ರಿಪೋರ್ಟ್ ಬರೀಬೇಕು, ಪದ ಗೊತ್ತಿರುತ್ತೆ ಆದ್ರೆ ಬರೆದ್ರೆ ಹಿಂದುಮುಂದಾಗುತ್ತೆ. ಪದಗಳನ್ನ ಚೆಲ್ಲಾಪಿಲ್ಲಿ ಕೊಟ್ಟು ಜೋಡಿಸಿ ಅನ್ನೋ ಆ್ಯಪ್ ಇದೆಯಲ್ಲ, ಅದ್ರಲ್ಲಿ ಮಾತ್ರ ಸರಿಯಾಗೇ ಬರುತ್ತೆ. ಏನ್ ಮಾಡ್ಲಿ?

ಉತ್ತರ: ಆ್ಯಪ್‌ನಲ್ಲಿ ಬೇಕಾದ ಪದಗಳನ್ನ ಅವ್ರೇ ಆರಿಸಿ ಕೊಟ್ಟಿರ್ತಾರೆ, ಅರ್ಧ ಗೆಸ್ ಮಾಡಿದ್ರೂ ನಡೆಯುತ್ತೆ, ರಿಪೋರ್ಟ್‌ನಲ್ಲಿ ಪದ ಹುಡುಕೋದೂ ನೀವೇ ಜಾಗ ಕೊಡೋದೂ ನೀವೇ.

ಕನ್ನಡದಲ್ಲಿ ‘ಸೂಪರ್‌ವೈಸರ್ ಆಪರೇಟರ್‌ನ ಕರೆದ್ರು’ ಅನ್ನಿ, ‘ಆಪರೇಟರ್‌ನ ಸೂಪರ್‌ವೈಸರ್ ಕರೆದ್ರು’ ಅನ್ನಿ, ಕರೆದಿದ್ದು ಯಾರು ಅಂತ ಅನುಮಾನನೇ ಬರಲ್ಲ, ಯಾಕಂದ್ರೆ ಪ್ರತ್ಯಯ ಅಂಟ್ಕೊಂಡಿದೆ. ಇಂಗ್ಲಿಷ್‌ನಲ್ಲಿ ಅದಿಲ್ಲ, ಜಾಗ ಬದಲಾಯ್ಸಿದ್ರೆ ಆಪರೇಟರೇ ಸೂಪರ್‌ವೈಸರ್‌ನ ಕರೆದಂಗಾಗುತ್ತೆ. (ಸಾವಿರ ವರ್ಷದ ಹಿಂದಿನ ಇಂಗ್ಲಿಷ್‌ಗೂ ನಮ್ ಥರ ವಿಭಕ್ತಿ ಇತ್ತು, ಆಮೇಲೆ ಹೆಚ್ಚುಕಮ್ಮಿ ಉದುರಿಹೋಯ್ತು, ‘ಹಿ’ ‘ಹಿಮ್’ ಅಂತ ಸರ್ವನಾಮದಲ್ಲಿ ಒಂಚೂರು ಉಳ್ಕೊಂಡಿದೆ ಅಷ್ಟೇ.)

ಈಗ ನಿಮ್ಮದೇ ರಿಪೋರ್ಟ್ ತಗೊಳ್ಳಿ. ‘ನಾವು / ನಿನ್ನೆ / ಲೈನ್ 2ರಲ್ಲಿ / 10 ಪೀಸ್ / ರಿಜೆಕ್ಟ್ ಮಾಡಿದ್ವಿ.’ ‘ನಾವು’ ಅನ್ನೋದು ಅಲ್ಲೇ ಇರ್ಲಿ, ಮಿಕ್ಕಿದ್ದನ್ನ ಕೊನೆಯಿಂದ ಹಿಂದಕ್ಕೆ ಓದ್ಕೊಂಡು ಬನ್ನಿ: ‘ವಿ / ರಿಜೆಕ್ಟೆಡ್ / ಟೆನ್ ಪೀಸಸ್ / ಆನ್ ಲೈನ್ ಟೂ / ಯೆಸ್ಟರ್‌ಡೇ.’ ಪೂರ್ತಿ ಉಲ್ಟಾ! ‘ಲೈನ್ 2ರಲ್ಲಿ’ ಅನ್ನೋದರ ‘ಅಲ್ಲಿ’ ಕೂಡ ‘ಆನ್’ ಆಗಿ ಮುಂದಕ್ಕೆ ಬಂತು ನೋಡಿ. ‘10 ಪೀಸ್’ ಮಾತ್ರ ಹಂಗೇ ಇದೆ, ಅದನ್ನ ತಿರುಗಿಸೋಕೆ ಹೋಗ್ಬೇಡಿ. ಎಲ್ಲಾ ವಾಕ್ಯಕ್ಕೂ ಇದು ನಡೆಯಲ್ಲ, ಆದ್ರೆ ರಿಪೋರ್ಟ್‌ನಲ್ಲಿ ಬರೋ ಇಂಥ ಸಾದಾ ವಾಕ್ಯಗಳಿಗೆ ಧಾರಾಳ ಸಾಕು.

ಪ್ರಾಕ್ಟೀಸ್ ಹೆಂಗೆ ಅಂದ್ರೆ, ಮೊದಲು ‘ವಿ ರಿಜೆಕ್ಟೆಡ್ ಟೆನ್ ಪೀಸಸ್’ ಅಂತ ಜೋರಾಗಿ ಹೇಳಿ, ಆಮೇಲೆ ಎಲ್ಲಿ ಅನ್ನೋದನ್ನ ಸೇರಿಸಿ ಮೊದಲಿಂದ ಇನ್ನೊಂದ್ಸಲ, ಆಮೇಲೆ ಯಾವಾಗ ಸೇರಿಸಿ ಮತ್ತೊಂದ್ಸಲ, ಬಸ್ಸಲ್ಲಿ ಹೋಗ್ತಾ ಬಾಯೊಳಗೇ ಹೇಳ್ಕೊಂಡ್ರೂ ಆಯ್ತು. ಯಾವಾಗ ಅನ್ನೋದು ಬೇಕಾದ್ರೆ ವಾಕ್ಯದ ಶುರುವಿಗೂ ಬರಬಹುದು, ಆದ್ರೆ ‘ರಿಜೆಕ್ಟೆಡ್ ಯೆಸ್ಟರ್‌ಡೇ ಟೆನ್ ಪೀಸಸ್’ ಅಂತ ಕ್ರಿಯಾಪದಕ್ಕೂ ಅದರ ಕರ್ಮಕ್ಕೂ ಮಧ್ಯೆ ತೂರಿಸ್ಬೇಡಿ. ‘ಆಲ್ವೇಸ್’ ಥರದವು ಮಾತ್ರ ಕ್ರಿಯಾಪದದ ಮುಂಚೆ, ‘ಈಸ್’ ಇದ್ರೆ ಅದರ ನಂತರ.

ಇನ್ನೊಂದು, ಇದನ್ನ ಇಂಗ್ಲಿಷ್ ಚೆನ್ನಾಗಿ ಬರೋರೂ ತಪ್ಪು ಮಾಡ್ತಾರೆ. ‘ವೈ ಡಿಡ್ ದ ಮಷೀನ್ ಸ್ಟಾಪ್?’ ಅನ್ನೋದು ಪ್ರಶ್ನೆ, ಸರಿ. ಆದ್ರೆ ‘ಮಷೀನ್ ಯಾಕೆ ನಿಂತಿತು ಗೊತ್ತಿಲ್ಲ’ ಅಂತ ಬರೆಯೋವಾಗ ನೀವು ಯಾರನ್ನೂ ಕೇಳ್ತಿಲ್ಲ, ತಿಳಿಸ್ತಿದೀರಿ. ಅಲ್ಲಿ ‘ಡಿಡ್’ ಬೇಡ, ‘ವಿ ಡೋಂಟ್ ನೋ ವೈ ದ ಮಷೀನ್ ಸ್ಟಾಪ್ಡ್’ ಅಷ್ಟೇ. ‘ವೇರ್ ಈಸ್ ದ ಗೇಜ್?’ ಅನ್ನೋದೂ ಹಂಗೇ, ‘ಐ ಡೋಂಟ್ ನೋ’ ಸೇರಿದ ತಕ್ಷಣ ‘ವೇರ್ ದ ಗೇಜ್ ಈಸ್’ ಆಗುತ್ತೆ. ನಿಮ್ಮ ಹಳೇ ರಿಪೋರ್ಟ್‌ಗಳಲ್ಲಿ ಮೊದಲು ಇದನ್ನೇ ಹುಡುಕಿ.